ಗುಂಡಿಗೆ ಲೆಕ್ಕ ಬಂದ ಬಗೆ

ಜಾಲಪುಟದ ಗುಂಡಿಗೆ ಮೊದಲು ಲೆಕ್ಕ ಬರುತ್ತಿರಲಿಲ್ಲ. 1993ರಲ್ಲಿ ಬಳಕೆಗೆ ಬಂದ ಸಿಜಿಐ ವಿಧಾನದಲ್ಲಿ, ಗುಂಡಿ ಒತ್ತಿದಾಗ ಅಂಕಿಗಳು ದೂರದ ಸರ್ವರಿಗೆ ಹೋಗಿ, ಅಲ್ಲಿ ಲೆಕ್ಕವಾಗಿ, ಉತ್ತರವು ಹೊಸ ಪುಟವಾಗಿ ಮರಳುತ್ತಿತ್ತು. ಟೆಲಿಫೋನ್ ತಂತಿಯ ನಿಧಾನಗತಿಯ ಸಂಪರ್ಕದಲ್ಲಿ ಒಂದು ಸಂಕಲನಕ್ಕೂ ಕಾಯಬೇಕಾಗಿತ್ತು.

1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಬ್ರೆಂಡನ್ ಐಕ್ ಹತ್ತೇ ದಿನಗಳಲ್ಲಿ ಹೊಸ ಭಾಷೆಯೊಂದರ ಮೊದಲ ರೂಪವನ್ನು ಸಿದ್ಧಪಡಿಸಿದರು. ಮೋಕಾ, ಲೈವ್‌ಸ್ಕ್ರಿಪ್ಟ್ ಎಂಬ ಹೆಸರುಗಳನ್ನು ದಾಟಿ ಅದು ಡಿಸೆಂಬರಿನಲ್ಲಿ ಜಾವಾಸ್ಕ್ರಿಪ್ಟ್ ಆಯಿತು. 1997ರಲ್ಲಿ ಎಕ್ಮಾ ಸಂಸ್ಥೆ ಅದಕ್ಕೆ ಮಾನಕ ರೂಪಿಸಿತು. ಹೀಗೆ ಲೆಕ್ಕವು ಬಳಸುವವರ ಗಣಕದಲ್ಲೇ, ಬ್ರೌಸರಿನೊಳಗೇ ನಡೆಯುವಂತಾಯಿತು.

ಆದರೆ ಎಚ್ಚರ ಬೇಕು. ಶಿರಾ ತಾಲ್ಲೂಕಿನ ಹುಲಿಕುಂಟೆಯಲ್ಲಿ ಒಬ್ಬ ರೈತನಿಗೆ 30 ಗುಂಟೆ ಮತ್ತು 25 ಗುಂಟೆಯ ಎರಡು ತುಂಡು ಜಮೀನು ಇದೆ ಎನ್ನೋಣ. 40 ಗುಂಟೆಗೆ ಒಂದು ಎಕರೆಯಾದ್ದರಿಂದ ಒಟ್ಟು 1 ಎಕರೆ 15 ಗುಂಟೆ. ಪುಟದ ಚೌಕದಲ್ಲಿ ತುಂಬಿದ್ದನ್ನು ಜಾವಾಸ್ಕ್ರಿಪ್ಟ್ ಅಕ್ಷರಗಳ ಸಾಲೆಂದೇ ಪಡೆಯುತ್ತದೆ. ಸಂಕಲನ ಚಿಹ್ನೆಯು ಅಂಥ ಸಾಲುಗಳನ್ನು ಕೂಡದೆ ಜೋಡಿಸುತ್ತದೆ. ಉತ್ತರ 3025 ಗುಂಟೆ, ಅಂದರೆ 75 ಎಕರೆ 25 ಗುಂಟೆ! ಆದ್ದರಿಂದ ಮೊದಲು ಅವನ್ನು ಸಂಖ್ಯೆಗಳಾಗಿ ಪರಿವರ್ತಿಸಬೇಕು.

ಈ ಪರಿವರ್ತನೆಯಲ್ಲೂ ತೊಡಕಿತ್ತು. ಪಾರ್ಸ್‌ಇಂಟ್ ಎಂಬ ಆದೇಶವು ಸೊನ್ನೆಯಿಂದ ಶುರುವಾಗುವ ಅಂಕಿಯನ್ನು ಹಲವು ಬ್ರೌಸರುಗಳಲ್ಲಿ ಅಷ್ಟಮಾನ ಪದ್ಧತಿಯದೆಂದು ಭಾವಿಸುತ್ತಿತ್ತು. ಆ ಪದ್ಧತಿಯಲ್ಲಿ 8 ಮತ್ತು 9 ಇಲ್ಲ. ಹಾಗಾಗಿ 08 ಎಂದು ಬರೆದ ಗುಂಟೆ ಸೊನ್ನೆಯಾಗುತ್ತಿತ್ತು. 2009ರ ಪರಿಷ್ಕೃತ ಮಾನಕ ಇದನ್ನು ಸರಿಪಡಿಸಿತು. ಆದರೂ ಆಧಾರ ಸಂಖ್ಯೆ 10 ಎಂದು ಸ್ಪಷ್ಟವಾಗಿ ಬರೆಯುವ ರೂಢಿ ಉಳಿಯಿತು.

ವಿದ್ಯಾರ್ಥಿಗಳು ತಾವು ರಚಿಸಿದ ಗುಂಡಿಯನ್ನು 30 ಮತ್ತು 25, 08 ಮತ್ತು 09 ಕೊಟ್ಟು ಪರೀಕ್ಷಿಸಲಿ. ಬಂದ ಉತ್ತರವನ್ನು ಬಾಯಿಲೆಕ್ಕದೊಡನೆ ತಾಳೆ ನೋಡಲಿ.