ಬೀದರಿನ ದಾರುಶ್ಶಿಫಾ ಮತ್ತು ಕರುಳಿನ ಚಲನೆ

ಬಹಮನಿ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹಮದ್ ಷಾ (ಆಳ್ವಿಕೆ 1436–1458) ಬೀದರಿನಲ್ಲಿ ದಾರುಶ್ಶಿಫಾವನ್ನು, ಅಂದರೆ ಆಸ್ಪತ್ರೆಯನ್ನು, ಕಟ್ಟಿಸಿ, ರೋಗಿಗಳ ಔಷಧಿ ಹಾಗೂ ಆಹಾರದ ವೆಚ್ಚಕ್ಕೆ ಕೆಲವು ಗ್ರಾಮಗಳ ಹುಟ್ಟುವಳಿಯನ್ನು ಬಿಟ್ಟುಕೊಟ್ಟು, ಅಲ್ಲಿ ಮುಸ್ಲಿಂ ಹಕೀಮರನ್ನೂ ಹಿಂದೂ ವೈದ್ಯರನ್ನೂ ನೇಮಿಸಿದನೆಂದು ಬಿಜಾಪುರದ ಆದಿಲಶಾಹಿ ಆಸ್ಥಾನದಲ್ಲಿದ್ದ ಇತಿಹಾಸಕಾರ ಫಿರಿಸ್ತಾ ಬರೆದಿದ್ದಾನೆ. ಒಂದೇ ಸೂರಿನಡಿ ಸೇರಿದ ಈ ಎರಡು ವೈದ್ಯಪರಂಪರೆಗಳ ಪರಿಭಾಷೆ ಬೇರೆಯಾದರೂ, ನುಂಗಿದ ತುತ್ತು ತನ್ನ ಭಾರದಿಂದಲೇ ಕೆಳಗಿಳಿಯುವುದಿಲ್ಲ, ದೇಹವೇ ಅದನ್ನು ಸಾಗಿಸುತ್ತದೆ ಎಂಬಲ್ಲಿ ಎರಡಕ್ಕೂ ಒಮ್ಮತವಿತ್ತು.

ಆಯುರ್ವೇದವು ಈ ಕೆಲಸವನ್ನು ವಾಯುವಿಗೆ ಒಪ್ಪಿಸಿತ್ತು: ಅನ್ನವನ್ನು ಒಳಗೊಯ್ಯುವುದು ಪ್ರಾಣ, ಪಚನಕ್ಕೆ ನೆರವಾಗಿ ಸಾರ ಕಿಟ್ಟಗಳನ್ನು ಬೇರ್ಪಡಿಸುವುದು ಸಮಾನ, ಮಲವನ್ನು ಹೊರಹಾಕುವುದು ಅಪಾನ. ಮಲಮೂತ್ರಗಳ ವೇಗವನ್ನು ತಡೆದರೆ ವಾಯು ಮೇಲ್ಮುಖವಾಗಿ ಹೊಟ್ಟೆಯುಬ್ಬರ, ನೋವು ಕಾಣಿಸುವ ಸ್ಥಿತಿಗೆ ಉದಾವರ್ತವೆಂದು ಹೆಸರು.

ಯುನಾನಿ ಪದ್ಧತಿಯು ಗ್ರೀಕ್ ವೈದ್ಯ ಗ್ಯಾಲೆನ್‌ನಿಂದ ಬಂದ, ಇಬ್ನ್ ಸೀನಾ (ಮರಣ 1037) ತನ್ನ ವೈದ್ಯಗ್ರಂಥದಲ್ಲಿ ವ್ಯವಸ್ಥೆಗೊಳಿಸಿದ ನಾಲ್ಕು ಶಕ್ತಿಗಳನ್ನು ಹೇಳುತ್ತದೆ. ಸೆಳೆಯುವ ಜಾಜಿಬಾ, ಹಿಡಿದಿಡುವ ಮಾಸಿಕಾ, ಪಚಿಸುವ ಹಾಜಿಮಾ, ಹೊರದೂಡುವ ದಾಫಿಯಾ. ಇಲ್ಲಿ ಗಮನಾರ್ಹವಾದುದು, ಈ ಶಕ್ತಿಗಳು ಬರಿಯ ಹೆಸರುಗಳಾಗಿ ಉಳಿಯದೆ ಅಂಗರಚನೆಗೆ ತಳುಕು ಹಾಕಿಕೊಂಡದ್ದು: ನೇರ ಎಳೆಗಳು ಸೆಳೆಯುತ್ತವೆ, ಓರೆಯ ಎಳೆಗಳು ಹಿಡಿದಿಡುತ್ತವೆ, ಅಡ್ಡ ಎಳೆಗಳು ಬಿಗಿದು ತಳ್ಳುತ್ತವೆ ಎಂದು ಈ ಪರಂಪರೆ ನಂಬಿತ್ತು. ಜಠರದ ಗೋಡೆಯಲ್ಲಿ ನೇರ, ಉಂಗುರ ಮತ್ತು ಓರೆ ಎಂಬ ಮೂರು ಬಗೆಯ ಸ್ನಾಯುಪದರಗಳಿರುವುದು ಇಂದಿನ ಶರೀರರಚನಾಶಾಸ್ತ್ರಕ್ಕೂ ಸಮ್ಮತವೇ; ತಪ್ಪಿದ್ದು ಕೆಲಸದ ಹಂಚಿಕೆಯಲ್ಲಿ. ಏಕೆಂದರೆ ಯಾವ ಸ್ನಾಯುವೂ ಸಂಕೋಚಿಸಬಲ್ಲದು, ಸಡಿಲಗೊಳ್ಳಬಲ್ಲದು, ಅಷ್ಟೇ. ಎಳೆಯುವುದು, ತಳ್ಳುವುದು, ತಡೆಯುವುದು ಎಲ್ಲವೂ ಯಾವ ಭಾಗ ಯಾವಾಗ ಸಂಕೋಚಿಸಿತು ಎಂಬುದರ ಪರಿಣಾಮ.

ಆ ಕ್ರಮವನ್ನು 1899ರಲ್ಲಿ ಲಂಡನ್ನಿನ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ ನಾಯಿಯ ಕರುಳಿನ ಮೇಲಿನ ಪ್ರಯೋಗಗಳಿಂದ ತೋರಿಸಿದರು. ಕರುಳಿನ ಒಂದೆಡೆ ಗೋಡೆ ಹಿಗ್ಗಿದಾಗ, ಅದರ ಮೇಲ್ಭಾಗದ ಉಂಗುರಸ್ನಾಯು ಬಿಗಿದು ಕೆಳಭಾಗದ್ದು ಸಡಿಲಾಗುವುದರಿಂದ ಆಹಾರ ಮುಂದಕ್ಕೆ ಜರುಗುತ್ತದೆ. ಈ ಅಲೆಯಂಥ ಚಲನೆಗೆ ಪೆರಿಸ್ಟಾಲ್ಸಿಸ್ ಎಂದು ಹೆಸರು. ಇದನ್ನು ನಡೆಸುವ ನರಜಾಲ ಕರುಳಿನ ಗೋಡೆಯಲ್ಲಿಯೇ ಇದ್ದು, ಮಿದುಳಿನ ಅಪ್ಪಣೆಗೆ ಕಾಯುವುದಿಲ್ಲ. ಸ್ನಾಯುಕೋಶದೊಳಗೆ ಕ್ಯಾಲ್ಸಿಯಂ ಹೆಚ್ಚಿದಾಗ ದಪ್ಪ ಮತ್ತು ತೆಳು ಪ್ರೋಟೀನ್ ಎಳೆಗಳು ಒಂದರ ಪಕ್ಕ ಒಂದು ಜಾರಿ ಕೋಶ ಗಿಡ್ಡವಾಗುವುದೇ ಸಂಕೋಚನದ ಮೂಲಕ್ರಿಯೆ.

ಬೀದರ ಪೇಟೆಯಿಂದ ಭಾಲ್ಕಿ, ಔರಾದ, ಠಾಣಾ ಕುಶನೂರದವರೆಗೆ ಇಂದಿಗೂ ಮನೆಮದ್ದಾಗಿರುವ ಇಸಬಗೋಲನ್ನು ಯುನಾನಿ ಗ್ರಂಥಗಳು ಶೀತಗುಣದ ದ್ರವ್ಯವೆಂದು ವರ್ಗೀಕರಿಸಿದ್ದವು. ಅದರ ಸಿಪ್ಪೆ ನೀರು ಹೀರಿ ಉಬ್ಬಿ ಲೋಳೆಯಾಗಿ ಕರುಳಿನ ಗೋಡೆಯನ್ನು ಹಿಗ್ಗಿಸುತ್ತದೆ, ಹಿಗ್ಗಿದ ಗೋಡೆ ಬೇಲಿಸ್ ಮತ್ತು ಸ್ಟಾರ್ಲಿಂಗ್ ವರ್ಣಿಸಿದ ಅಲೆಯನ್ನೇ ಎಬ್ಬಿಸುತ್ತದೆ. ಹಕೀಮರು ದಾಫಿಯಾ ಶಕ್ತಿಯಿಂದ ನಿರೀಕ್ಷಿಸುತ್ತಿದ್ದುದೂ ಇದೇ ಫಲವನ್ನು.