ಮೊರ, ಚಂದ್ರಿಕೆ ಮತ್ತು ಗೂಡಿನ ಹಾರ: ಚಿಕ್ಕಬಳ್ಳಾಪುರ ಸೀಮೆಯ ಹಬ್ಬದ ಕೈಗೆಲಸಗಳು

ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ 10ನೆಯ ಸಂಪುಟವಾಗಿ 1905ರಲ್ಲಿ ಪ್ರಕಟಿಸಿದರು. ಇಂದಿನ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳು ಆ ಜಿಲ್ಲೆಗೇ ಸೇರಿದ್ದವು; ಅವು ಪ್ರತ್ಯೇಕ ಜಿಲ್ಲೆಯ ಭಾಗವಾದದ್ದು 2007ರಲ್ಲಿ. ಕೆರೆ ಕಟ್ಟಿಸಿದವರು, ಗದ್ದೆ ಬಿಟ್ಟವರು, ದೇವಾಲಯದ ನಂದಾದೀಪಕ್ಕೆ ದತ್ತಿ ಕೊಟ್ಟವರು ಈ ಬಗೆಯ ಶಾಸನಗಳಲ್ಲಿ ಹೆಸರು ಪಡೆದಿದ್ದಾರೆ. ಊರ ಹಬ್ಬದ ದಿನ ಅಕ್ಕಿಹಿಟ್ಟಿನಲ್ಲಿ ದೀಪ ಮಾಡಿ ತಲೆಯ ಮೇಲೆ ಹೊತ್ತು ನಡೆದ ಹೆಂಗಸಿನ ಹೆಸರನ್ನು ಕಲ್ಲಿನ ಮೇಲೆ ಹುಡುಕಬೇಕಾಗಿಲ್ಲ. ಆಕೆಯ ದೀಪ ಒಂದೇ ರಾತ್ರಿಯದು. ಮರುದಿನ ಅದು ಮಕ್ಕಳ ಹೊಟ್ಟೆ ಸೇರಿರುತ್ತದೆ.

ಹಬ್ಬಕ್ಕೆಂದು ಮನೆಯಲ್ಲಿಯೇ, ಹೆಚ್ಚು ಖರ್ಚಿಲ್ಲದೆ ಮಾಡಿಕೊಳ್ಳುವ ಸಿಂಗಾರದ ವಸ್ತುಗಳ ಮತ್ತು ಕೊಡುಗೆಗಳ ಚರಿತ್ರೆಯನ್ನು ಬರೆಯಲು ಹೊರಟವರಿಗೆ ಎದುರಾಗುವ ಮೊದಲ ತೊಡಕು ಇದು. ನಮ್ಮ ಜಾನಪದ ವಸ್ತುಸಂಗ್ರಹಾಲಯಗಳು ಬಾಳಿಕೆ ಬರುವುದನ್ನು ಮಾತ್ರ ಸಂಗ್ರಹಿಸಿವೆ. ಆದ್ದರಿಂದ ಮರ, ಲೋಹ, ಚರ್ಮಗಳ ಕಲೆಗೆ ದೊರೆತ ಸ್ಥಾನ ಹಿಟ್ಟು, ಎಲೆ, ಸಗಣಿ, ದಾರಗಳ ಕಲೆಗೆ ದೊರೆಯಲಿಲ್ಲ. ಪ್ರಸ್ತುತ ಲೇಖನದಲ್ಲಿ ಈ ನಾಲ್ಕು ತಾಲ್ಲೂಕುಗಳ ಅಂತಹ ಕೆಲವು ವಸ್ತುಗಳನ್ನು, ವಿಶೇಷವಾಗಿ ಬಾಗಿನದ ಮೊರ ಮತ್ತು ರೇಷ್ಮೆಗೂಡಿನ ಹಾರವನ್ನು, ಪರಿಶೀಲಿಸಲಾಗಿದೆ.

ಈ ಸೀಮೆಯಲ್ಲಿ ಕನ್ನಡ ಮತ್ತು ತೆಲುಗು ಒಂದೇ ಅಂಗಳದಲ್ಲಿ ಓಡಾಡುವ ಭಾಷೆಗಳು. ಕನ್ನಡದ ಮೊರ ಪಕ್ಕದ ಮನೆಯಲ್ಲಿ ಚೇಟ, ರಂಗೋಲಿ ಮುಗ್ಗು. ಸಂಕ್ರಾಂತಿಯ ವೇಳೆಗೆ ತೆಲುಗು ಮನೆಮಾತಿನ ಕುಟುಂಬಗಳ ಹೆಣ್ಣುಮಕ್ಕಳು ಸಗಣಿಯುಂಡೆಗೆ ಹೂ ಸಿಕ್ಕಿಸಿ ರಂಗೋಲಿಯ ನಡುವೆ ಇಡುವ ಗೊಬ್ಬೆಮ್ಮನಿಗೂ, ಕನ್ನಡದ ಮನೆಗಳಲ್ಲಿ ಗರಿಕೆ ಸಿಕ್ಕಿಸಿ ಪೂಜಿಸುವ ಸಗಣಿಯ ಬೆನಕನಿಗೂ ಸಾಮಗ್ರಿ ಒಂದೇ, ಕೈಚಳಕವೂ ಹೆಚ್ಚುಕಡಿಮೆ ಒಂದೇ. ದೀಪಾವಳಿಯಲ್ಲಿ ಕೇದಾರೇಶ್ವರ ವ್ರತ ಹಿಡಿದ ಮನೆಗಳವರು ಕಜ್ಜಾಯದೊಂದಿಗೆ ಪೂಜೆಗಿಟ್ಟು ಕಟ್ಟಿಕೊಳ್ಳುವ ನೋಮುದಾರವನ್ನೂ ಇಲ್ಲಿ ನೆನೆಯಬೇಕು. ಹತ್ತಿಯ ನೂಲಿಗೆ ಅರಿಶಿನ ಸವರಿದರೆ ದಾರ ಸಿದ್ಧ. ಹೋದ ವರ್ಷದ ದಾರವನ್ನು ಜೋಪಾನವಾಗಿ ತೆಗೆದಿಟ್ಟು, ಹೊಸದರ ಜೊತೆಗಿಟ್ಟು ಪೂಜಿಸುವ ರೂಢಿಯನ್ನು ನೋಡಿದರೆ, ಅಗ್ಗದ ವಸ್ತುವೆಂದರೆ ಬಿಸಾಡುವ ವಸ್ತುವೆಂಬ ಇಂದಿನ ಗ್ರಹಿಕೆ ಇಲ್ಲಿಗೆ ಒಗ್ಗುವುದಿಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಹಳೆಯದೆಂದು ತೋರುವುದೆಲ್ಲವೂ ಹಳೆಯದಲ್ಲವೆಂಬುದನ್ನೂ ಗಮನಿಸಬೇಕು. ಸಂಕ್ರಾಂತಿಯಂದು ಬೀರುವ ಎಳ್ಳಿನ ಮಿಶ್ರಣದಲ್ಲಿ ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆಗಳ ಜೊತೆಗೆ ಕಡಲೆಕಾಯಿ ಬೀಜವಿಲ್ಲದಿದ್ದರೆ ಇಂದು ಯಾರೂ ಒಪ್ಪುವುದಿಲ್ಲ. ಗೌರಿಬಿದನೂರು, ಚಿಂತಾಮಣಿಗಳ ಕೆಮ್ಮಣ್ಣಿನ ಹೊಲಗಳಲ್ಲಿ ಅದು ಚಿರಪರಿಚಿತ ಬೆಳೆ. ಆದರೆ ಕಡಲೆಕಾಯಿ ದಕ್ಷಿಣ ಅಮೆರಿಕದಿಂದ ಬಂದದ್ದು. ಹೊಲಕ್ಕೆ ಬಂದ ಬೆಳೆಯನ್ನು ಹಬ್ಬ ತನ್ನದಾಗಿಸಿಕೊಂಡಿತು. ಈ ಮಾತು ಮುಂದೆ ರೇಷ್ಮೆಗೂಡಿನ ವಿಷಯದಲ್ಲಿಯೂ ಅನ್ವಯಿಸುತ್ತದೆ.

ಕೊಡುಗೆಗಳಲ್ಲಿ ಅತ್ಯಂತ ಸಮೃದ್ಧವಾದುದು ಗೌರಿಹಬ್ಬದ ಮೊರದ ಬಾಗಿನ. ಎರಡು ಬಿದಿರಿನ ಮೊರಗಳನ್ನು ತೊಳೆದು ಒಣಗಿಸಿ, ಅರಿಶಿನ ಬಳಿದು ಕುಂಕುಮವಿಟ್ಟು, ಒಂದರಲ್ಲಿ ಅಕ್ಕಿ, ತೊಗರಿಬೇಳೆ, ಹೆಸರುಬೇಳೆ, ಬೆಲ್ಲ, ತೆಂಗಿನಕಾಯಿ, ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ರವಿಕೆಯ ಕಣಗಳನ್ನಿಟ್ಟು ಇನ್ನೊಂದನ್ನು ಮುಚ್ಚುತ್ತಾರೆ. ಕೊಡುವವಳೂ ಪಡೆಯುವವಳೂ ಸೆರಗನ್ನು ಮರೆಮಾಡಿ ಹಿಡಿಯುತ್ತಾರೆ. ತವರಿನಿಂದ ಮಗಳಿಗೆ ಸಲ್ಲುವ ಬಾಗಿನವು ಆಕೆಗೆ ತವರಿನಲ್ಲಿ ಇನ್ನೂ ಪಾಲಿದೆಯೆಂಬುದರ ಕುರುಹು. ಆಸ್ತಿಯ ಪಾಲು ದೊರೆಯದ ಕಾಲದಲ್ಲಿ ದೊರೆಯುತ್ತಿದ್ದ ಪಾಲು ಇಷ್ಟೇ ಎಂಬ ಕಟುಸತ್ಯವನ್ನೂ ಮರೆಯುವಂತಿಲ್ಲ.

ಬಾಗಿನದೊಳಗಿನ ಒಂದೊಂದು ವಸ್ತುವೂ ಒಂದೊಂದು ಕಸುಬಿನವರ ಹೆಜ್ಜೆಯನ್ನು ಮನೆಗೆ ತರುತ್ತದೆ. ಬಳೆಯ ಮಲಾರ ಹೊತ್ತು ಊರೂರು ಸುತ್ತುವ ಬಳೆಗಾರನನ್ನು ಈ ಸೀಮೆ ಮರೆಯಲಾರದು. ಚಿಂತಾಮಣಿ ತಾಲ್ಲೂಕಿನ ಕೈವಾರದ ಯೋಗಿ ನಾರೇಯಣ ಯತೀಂದ್ರರು ಮೊದಲು ಬಳೆ ಮಾರುತ್ತಿದ್ದವರೆಂದೇ ಪರಂಪರೆ ಹೇಳುತ್ತದೆ. ಮೊರ ಬರುವುದು ಮೇದರ ಮನೆಯಿಂದ. 12ನೆಯ ಶತಮಾನದ ಶರಣ ಮೇದರ ಕೇತಯ್ಯನ ಕಾಲದಿಂದಲೂ ಕನ್ನಡನಾಡಿನಲ್ಲಿ ಬಿದಿರಿನ ಕಾಯಕ ಈ ಸಮುದಾಯದ ಹೆಸರಿನೊಂದಿಗೆ ಬೆಸೆದುಕೊಂಡಿದೆ. ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಮೈಸೂರಿನ ಬುಡಕಟ್ಟು ಮತ್ತು ಜಾತಿಗಳ ಕುರಿತ ಗ್ರಂಥವೂ ಮೇದರ ವೃತ್ತಿಯನ್ನು ದಾಖಲಿಸಿದೆ. ಆದರೆ ಮೊರವು ಹಬ್ಬದ ಹಿಂದಿನ ಕೆಲವು ವಾರಗಳ ವ್ಯಾಪಾರ. ವರ್ಷದ ಉಳಿದ ಕಾಲದಲ್ಲಿ ಮೇದರ ಕೈಗೆ ಕೆಲಸ ಕೊಟ್ಟದ್ದು ಯಾವುದು? ಕಣದ ಬುಟ್ಟಿ, ಮಂಕರಿಗಳ ಮಾತು ಎಲ್ಲ ಊರಿಗೂ ಸಲ್ಲುತ್ತದೆ. ಈ ಸೀಮೆಯ ವಿಶೇಷ ಚಂದ್ರಿಕೆ.

ಮೈಸೂರು ಸಂಸ್ಥಾನದಲ್ಲಿ ರೇಷ್ಮೆಕೃಷಿಗೆ ಬುನಾದಿ ಹಾಕಿದವನು ಟಿಪ್ಪು ಸುಲ್ತಾನ. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ಚಾಪೆಯೇ ಚಂದ್ರಿಕೆ: ಸುಮಾರು ಆರು ಅಡಿ ಉದ್ದ, ನಾಲ್ಕು ಅಡಿ ಅಗಲ; ಅದರ ಮೇಲೆ ಬಿದಿರಿನ ಪಟ್ಟಿಯನ್ನು ಸುರುಳಿಯಾಗಿ ನಿಲ್ಲಿಸಿರುತ್ತಾರೆ. ಒಂದರಲ್ಲಿ ಸಾವಿರದಷ್ಟು ಹುಳುಗಳಿಗೆ ಎಡೆಯುಂಟು. ಕೊಳ್ಳಲಾಗದವರು ಬಾಡಿಗೆಗೆ ತರುತ್ತಿದ್ದರು. ವರ್ಷಕ್ಕೆ ಹಲವು ಬೆಳೆ ತೆಗೆಯುವ ಶಿಡ್ಲಘಟ್ಟದಂತಹ ಕಡೆ ಹುಳು ಮೇಯಿಸುವ ತಟ್ಟೆಗೂ ಚಂದ್ರಿಕೆಗೂ ಬೇಡಿಕೆ ಬತ್ತುತ್ತಿರಲಿಲ್ಲ. ತಟ್ಟೆಯ ಬದಲು ರೆಂಬೆಯನ್ನೇ ಹಾಸಿ ಹುಳು ಸಾಕುವ ಪದ್ಧತಿ ಬಂದ ಮೇಲೆ ತಟ್ಟೆ ಮೂಲೆ ಸೇರಿತು. ಪ್ಲಾಸ್ಟಿಕ್ ನೇತ್ರಿಕೆ ಬಂದ ಮೇಲೆ ಚಂದ್ರಿಕೆಯ ಬಳಕೆಯೂ ಕುಗ್ಗಿತು. ರೈತನ ದೃಷ್ಟಿಯಿಂದ ಇದನ್ನು ದೂರುವಂತಿಲ್ಲ. ಮಡಚಿಡಬಹುದು, ತೊಳೆಯಬಹುದು, ಸೋಂಕು ಕಳೆಯುವುದು ಸುಲಭ. ಬಾಗಿನದ ಮೊರ ಕಿರಿದಾಗಿ, ಪ್ಲಾಸ್ಟಿಕ್ ಮೊರ ಅಂಗಡಿಗೆ ಬಂದುದಕ್ಕೆ ನಗರದ ಅಭಿರುಚಿಯೊಂದೇ ಕಾರಣವೆಂದು ಹೇಳುವವರು ಹುಳುಮನೆಯೊಳಗಿನ ಈ ಬದಲಾವಣೆಯನ್ನು ಕಾಣದೆ ಹೋಗಿದ್ದಾರೆ ಎಂಬುದು ನನ್ನ ಅಭಿಪ್ರಾಯ. ಮೊರವನ್ನು ಉಳಿಸಿದ್ದು ಹಬ್ಬವಲ್ಲ, ಚಂದ್ರಿಕೆ. ಖಾಸಗಿ ಜಮೀನಿನ ಬಿದಿರನ್ನು ಮರದ ವ್ಯಾಖ್ಯೆಯಿಂದ ಹೊರಗಿಟ್ಟ ಅರಣ್ಯ ಕಾಯ್ದೆಯ ತಿದ್ದುಪಡಿ 2017ರಲ್ಲಿ ಬಂದಿತು. ಅಷ್ಟರಲ್ಲಿ ಎಷ್ಟೋ ಕೈಗಳು ಬೇರೆ ಕೆಲಸ ಹಿಡಿದಿದ್ದವು.

ಇದೇ ಹುಳುಮನೆ ಮತ್ತೊಂದು ಸಿಂಗಾರವನ್ನು ಕೊಟ್ಟಿತು. ಶಿಡ್ಲಘಟ್ಟದ ಕಡೆ ಸಭೆ ಸಮಾರಂಭಗಳಲ್ಲಿ ಅತಿಥಿಗಳ ಕೊರಳಿಗೆ ರೇಷ್ಮೆಗೂಡಿನ ಹಾರ ಹಾಕುವುದನ್ನು ಬಹಳ ಮಂದಿ ನೋಡಿದ್ದಾರೆ. ಇದಕ್ಕೆ ಬಳಸಬೇಕಾದುದು ಒಳ್ಳೆಯ ಗೂಡಲ್ಲ, ತೂತುಗೂಡು. ಮೊಟ್ಟೆ ತಯಾರಿಕೆಗಾಗಿ ಚಿಟ್ಟೆ ಹೊರಬರಲು ಬಿಟ್ಟ ಗೂಡಿನಲ್ಲಿ ಎಳೆ ತುಂಡಾಗಿರುವುದರಿಂದ ಅದನ್ನು ಬಿಚ್ಚಣಿಕೆಗೆ ಬಳಸಲಾಗದು. ಆದರೆ ಒಳಗೆ ಕೋಶವಿಲ್ಲದ ಕಾರಣ ಅದು ಹಗುರ, ವಾಸನೆಯಿಲ್ಲ. ಕೋಶ ಸತ್ತು ಒಣಗಿದ ಇಡೀ ಗೂಡನ್ನು ಪೋಣಿಸಿದ ಹಾರಕ್ಕೆ ಕೆಲವೇ ತಿಂಗಳಲ್ಲಿ ದುಂಬಿ ಬೀಳುತ್ತದೆ. ಬಲ್ಲವರು ಅದನ್ನು ಮುಟ್ಟುವುದಿಲ್ಲ. ತೂತುಗೂಡನ್ನು ಕತ್ತರಿಯಿಂದ ಎಸಳುಗಳಾಗಿ ಸೀಳಿ, ಬೆರಳಿನಿಂದ ಬಾಗಿಸಿ ಹೂವಾಗಿಸುತ್ತಾರೆ. ನಡುನಡುವೆ ಮಣಿ, ಜರಿ.

ಹಾರದ ಬಣ್ಣದಲ್ಲಿಯೂ ಚರಿತ್ರೆಯಿದೆ. ಮೈಸೂರು ತಳಿಯನ್ನು ತಾಯಿಯಾಗಿ ಉಳ್ಳ ಮಿಶ್ರತಳಿಯ ಗೂಡು ಹಳದಿ. ದ್ವಿತಳಿಯ ಗೂಡು ಬಿಳಿ. ಜಪಾನಿನ ನೆರವಿನಿಂದ 1991ರಲ್ಲಿ ಆರಂಭವಾದ ದ್ವಿತಳಿ ಯೋಜನೆಯ ನಂತರ ಬಿಳಿಗೂಡು ಹೆಚ್ಚಿತು. ಬಣ್ಣ ಹಾಕದ ಒಂದು ಹಾರದಲ್ಲಿ ಹಳದಿ ಬಿಳಿ ಎರಡೂ ಇದ್ದರೆ, ಎರಡು ತಳಿಗಳ ಕಾಲ ಅಲ್ಲಿ ಒಂದೇ ದಾರದಲ್ಲಿ ಪೋಣಿಸಲ್ಪಟ್ಟಿದೆ. ಪ್ರಾಚೀನತೆಯಿಲ್ಲವೆಂಬ ಕಾರಣಕ್ಕೆ ಈ ಹಾರವನ್ನು ಜಾನಪದವೆಂದು ಒಪ್ಪಲು ಹಿಂಜರಿಯುವ ವಿದ್ವಾಂಸರಿದ್ದಾರೆ. ಕಡಲೆಕಾಯಿಯನ್ನು ಎಳ್ಳಿನ ತಟ್ಟೆಯಿಂದ ಆರಿಸಿ ತೆಗೆಯಲು ಅವರು ಸಿದ್ಧರಿದ್ದಾರೆಯೆ?

ಊರ ದೇವತೆಯ ಹಬ್ಬದ ತಂಬಿಟ್ಟಿನ ದೀಪವನ್ನು ಮೇಲೆ ಪ್ರಸ್ತಾಪಿಸಿದ್ದೇನೆ. ಅಕ್ಕಿಹಿಟ್ಟು ಬೆಲ್ಲಗಳನ್ನು ಕಲಸಿ ಗೋಪುರದಂತೆ ನಿಲ್ಲಿಸಿ, ನೆತ್ತಿಯಲ್ಲಿ ಗುಳಿ ಮಾಡಿ, ತುಪ್ಪದ ಬತ್ತಿಯಿಟ್ಟು, ಸುತ್ತ ಸೇವಂತಿಗೆ, ಕನಕಾಂಬರಗಳನ್ನು ಸುತ್ತುತ್ತಾರೆ. ಹೂಬೇಸಾಯ ಹಬ್ಬಿದ ಮೇಲೆ ಹೂವಿನ ಭಾರ ಹೆಚ್ಚಿತು. ಹಿಟ್ಟು ಕಾಣದಷ್ಟು ಹೂ ಸುತ್ತುವ ದೀಪಗಳು ಮೆರವಣಿಗೆಯಲ್ಲಿ ಈಗ ಸಾಮಾನ್ಯ. ಹಬ್ಬ ಮುಗಿದ ಮೇಲೆ ಉಳಿಯುವುದು ಹಿಟ್ಟಿನ ಹದ ಬಲ್ಲ ಕೈ ಮಾತ್ರ.

ಗಣಪತಿಯ ಮಂಟಪಗಳಲ್ಲಿ ಬಾಳೆಕಂದು, ಮಾವಿನೆಲೆ, ತೆಂಗಿನ ಗರಿಗಳ ಜಾಗಕ್ಕೆ ಥರ್ಮೋಕೋಲ್ ಬಂದು ನೆಲೆಸಿತ್ತು. ಕರ್ನಾಟಕ ಸರ್ಕಾರದ 2016ರ ಪ್ಲಾಸ್ಟಿಕ್ ನಿಷೇಧದ ಬಳಿಕ, 2022ರ ಜುಲೈ 1ರಿಂದ ಜಾರಿಗೆ ಬಂದ ಕೇಂದ್ರದ ನಿಷೇಧದ ಪಟ್ಟಿಯಲ್ಲಿ ಅಲಂಕಾರದ ಥರ್ಮೋಕೋಲನ್ನು ಹೆಸರಿಸಿಯೇ ಸೇರಿಸಲಾಗಿದೆ. ತೆಗೆಯಬೇಕಾದುದನ್ನು ಕಾನೂನು ಹೇಳಿತು. ಆ ಜಾಗದಲ್ಲಿ ಏನನ್ನು ಕಟ್ಟಬೇಕೆಂಬುದನ್ನು ಗರಿ ಹೆಣೆಯಬಲ್ಲವರನ್ನು ಕೇಳಬೇಕು. ಅಂಥವರ ಪಟ್ಟಿಯನ್ನು ಮಾಡುವ ಕೆಲಸ ಕ್ಷೇತ್ರಕಾರ್ಯಕರ್ತರದು.

ಮೊರದ ಬಗ್ಗೆ ಒಂದು ಮಾತು ಉಳಿದಿದೆ. ಹಬ್ಬದ ನಂತರ ಬಾಗಿನದ ಮೊರವನ್ನು ದೇವರ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ನೆನೆಸಿದ ಮೆಂತ್ಯವನ್ನು ರುಬ್ಬಿ ಬಳಿದು ಬಿದಿರಿನ ಸಂದುಗಳನ್ನು ಮುಚ್ಚಿ, ಬಿಸಿಲಿಗೆ ಒಣಗಿಸುತ್ತಾರೆ. ರಾಗಿ ಒಕ್ಕಣೆಯ ಹೊತ್ತಿಗೆ ಅದು ಕೇರಲು ಸಿದ್ಧವಾಗಿರುತ್ತದೆ. ಅಂಚಿನಲ್ಲಿ ಅರಿಶಿನದ ಬಣ್ಣ ಆಗಲೂ ಕಾಣುತ್ತಿರುತ್ತದೆ.