ಶೋಧವಾಕ್ಯದ ಅನ್ವಯಕ್ರಮ

ಕಳೆದ ಜಾತ್ರೆಯ ಸಮಯದಲ್ಲಿ ನಮ್ಮ ಚಿಮ್ಮಡದ ನೇಕಾರರೊಬ್ಬರ ಮಗಳು, ನಮ್ಮ ಹಳೆಯ ವಿದ್ಯಾರ್ಥಿನಿ, ಬೆಂಗಳೂರಿನಿಂದ ಊರಿಗೆ ಬಂದವಳು ನಮ್ಮನ್ನು ಕಾಣಲು ಮನೆಗೆ ಬಂದಿದ್ದಳು. ಗಣಕಯಂತ್ರಗಳ ಕಾವಲಿನ ಉದ್ಯೋಗದಲ್ಲಿರುವ ಆಕೆಯು ಸ್ಪ್ಲಂಕ್ ಎಂಬ ಶೋಧನಸಾಧನದ ಪ್ರಮಾಣಪತ್ರ ಪರೀಕ್ಷೆಗೆ ಅಭ್ಯಾಸ ಮಾಡುತ್ತಿದ್ದಳು. ಮೂರು ಪದಗಳು, ನಡುವೆ ಒಂದೆಡೆ ‘ಅಥವಾ’, ಇನ್ನೊಂದೆಡೆ ‘ಮತ್ತು’, ಆವರಣ ಚಿಹ್ನೆಗಳಿಲ್ಲ. ಯಂತ್ರವು ಯಾವದನ್ನು ಮೊದಲು ಕೂಡಿಸಿ ಓದುವದು? ಆಕೆಯು ವಿನೋದಕ್ಕಾಗಿ ನಮ್ಮನ್ನು ಈ ಪ್ರಶ್ನೆ ಕೇಳಿದಳು. ನಾವು ಗುರುಸಹಜವಾದ ಧೈರ್ಯದಿಂದ ಉತ್ತರವನ್ನು ಹೇಳಿದೆವು. ಆ ಉತ್ತರವು ತಪ್ಪಾಯಿತು. ಹೇಗೆ ತಪ್ಪಾಯಿತೆಂದು ವಿಚಾರಿಸುತ್ತ ಹೋದಂತೆ ನಮಗೆ ದೊರೆತ ಇತಿಹಾಸವನ್ನು ವಾಚಕರ ಮುಂದಿಡುವದೇ ಈ ಲೇಖನದ ಉದ್ದೇಶವಾಗಿದೆ.

ಇಲ್ಲಿ ಶೋಧಿಸಲ್ಪಡುವ ವಸ್ತುವಿಗೆ ‘ಲಾಗ್’ ಎಂದು ಹೆಸರು. ಲಾಗ್ ಎಂದರೆ ಮರದ ದಿಮ್ಮಿ. ಹಿಂದೆ ಐರೋಪ್ಯ ನಾವಿಕರು ಹಡಗಿನ ವೇಗವನ್ನಳೆಯಲು ಗಂಟು ಹಾಕಿದ ಹಗ್ಗದ ತುದಿಗೆ ಮರದ ತುಂಡೊಂದನ್ನು ಕಟ್ಟಿ ನೀರಿಗೆ ಬಿಡುತ್ತಿದ್ದರು. ನಿಯಮಿತ ಕಾಲದಲ್ಲಿ ಎಷ್ಟು ಗಂಟುಗಳು ಕೈಜಾರಿದವೆಂಬುದನ್ನು ಎಣಿಸಿ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಕಾಲಕ್ರಮದಲ್ಲಿ ಆ ಪುಸ್ತಕಕ್ಕೆ ದಿಮ್ಮಿಯ ಹೆಸರೇ ನಿಂತಿತು. ಇಂದಿನ ಗಣಕಯಂತ್ರಗಳೂ ತಮ್ಮಲ್ಲಿ ನಡೆದ ಪ್ರತಿಯೊಂದು ವ್ಯವಹಾರವನ್ನು, ಯಾರು ಬಂದರು, ಯಾರಿಗೆ ಬಾಗಿಲು ತೆರೆಯಲಿಲ್ಲ ಎಂಬುದನ್ನು, ವೇಳೆಸಹಿತವಾಗಿ ಒಂದೊಂದು ಸಾಲಿನಲ್ಲಿ ಬರೆದಿಡುತ್ತವೆ. ನಮ್ಮ ಅಂಗಡಿಕಾರರ ಭಾಷೆಯಲ್ಲಿ ಹೇಳುವದಾದರೆ ಇದು ಯಂತ್ರದ ಕೀರ್ದಿ. ಬ್ಯಾಂಕಿನ ಖಾತೆಯಿಂದ ಹಣವು ಕಳುವಾದರೆ ಕಳ್ಳನ ಹೆಜ್ಜೆಯನ್ನು ಈ ಲಕ್ಷಗಟ್ಟಲೆ ಸಾಲುಗಳಲ್ಲಿಯೇ ಹುಡುಕಬೇಕು. ಇಂಥ ಹುಡುಕಾಟಕ್ಕಾಗಿ 2003ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಸ್ಪ್ಲಂಕ್ ಸಂಸ್ಥೆಯು ಸ್ಥಾಪಿತವಾಯಿತು. ಗುಹೆಗಳನ್ನು ಹೊಕ್ಕು ಶೋಧಿಸುವದಕ್ಕೆ ಆಂಗ್ಲರಲ್ಲಿರುವ ಒಂದು ಶಬ್ದದಿಂದ ಅದರ ಹೆಸರು ಹುಟ್ಟಿತು. 2024ರಲ್ಲಿ ಅದನ್ನು ಸಿಸ್ಕೋ ಸಂಸ್ಥೆಯು ಕೊಂಡುಕೊಂಡಿತು.

ಪಾಠಶಾಲೆಯಲ್ಲಿ ಓದಿದವರಿಗೆ ಈ ಸಾಧನದ ರೀತಿಯು ಅಪರಿಚಿತವೆನಿಸದು. ಮೊದಲು ಪದಚ್ಛೇದ, ಅನಂತರ ಅನ್ವಯ, ಕೊನೆಗೆ ಅರ್ಥ ಎಂಬ ಕ್ರಮವೇ ಇಲ್ಲಿಯೂ ಇದೆ. ಬಂದ ಪ್ರತಿಯೊಂದು ಸಾಲನ್ನು ಯಂತ್ರವು ತೆರಪು, ಅಲ್ಪವಿರಾಮ ಮೊದಲಾದ ಪ್ರಧಾನ ವಿಚ್ಛೇದಕಗಳಲ್ಲಿ ತುಂಡರಿಸುವದು. ಚುಕ್ಕೆ, ಅಡ್ಡಗೆರೆ ಮೊದಲಾದವು ಗೌಣ ವಿಚ್ಛೇದಕಗಳು. ಅವುಗಳಿಂದ ಕೂಡಿದ ಪದವನ್ನು ಇಡಿಯಾಗಿಯೂ ಬಿಡಿಯಾಗಿಯೂ ನೆನಪಿನಲ್ಲಿಡುವದು. ಸಮಸ್ತಪದವನ್ನೂ ಅದರ ಅವಯವಗಳನ್ನೂ ಬೇರೆ ಬೇರೆಯಾಗಿ ಪಟ್ಟಿ ಮಾಡಿದಂತೆ ಇದು. ಬಳಿಕ ಯಾವ ಪದವು ಯಾವ ಯಾವ ಸಾಲಿನಲ್ಲಿದೆಯೆಂಬ ಸೂಚಿಯು ಸಿದ್ಧವಾಗುವದು. ಕೀರ್ದಿಯಿಂದ ಖತಾವಣಿಯನ್ನು ಎತ್ತಿ ಬರೆಯುವ ಗುಮಾಸ್ತನು ಇದನ್ನು ಕೂಡಲೇ ತಿಳಿದುಕೊಂಡಾನು.

ಶೋಧವಾಕ್ಯದಲ್ಲಿ ಪದಗಳನ್ನು ಜೋಡಿಸುವ ಅವ್ಯಯಗಳು ಮೂರು: ‘ಆ್ಯಂಡ್’, ‘ಆರ್’, ‘ನಾಟ್’. ಇವುಗಳನ್ನು ಆಂಗ್ಲಲಿಪಿಯ ದೊಡ್ಡಕ್ಷರಗಳಲ್ಲಿಯೇ ಬರೆಯಬೇಕು. ಸಣ್ಣಕ್ಷರಗಳಲ್ಲಿ ಬರೆದರೆ ಯಂತ್ರವು ‘ಆರ್’ ಎಂಬುದನ್ನು ಅವ್ಯಯವೆಂದೆಣಿಸದೆ ಹುಡುಕಬೇಕಾದ ಪದವೆಂದೇ ತಿಳಿಯುವದು. ಎರಡು ಪದಗಳ ನಡುವೆ ಏನನ್ನೂ ಬರೆಯದಿದ್ದರೆ ಅಲ್ಲಿ ‘ಮತ್ತು’ ಎಂಬುದು ಅಧ್ಯಾಹಾರವಾಗುವದು.

ಇನ್ನು ತೊಡಕಿನ ಸ್ಥಳಕ್ಕೆ ಬರುವೆವು. ಒಂದು ದಫ್ತರದಲ್ಲಿ ನಾಲ್ಕೇ ಸಾಲುಗಳಿವೆಯೆಂದು ವಾಚಕರು ಭಾವಿಸಲಿ: ರಬಕವಿಯ ನೇಕಾರ, ರಬಕವಿಯ ವ್ಯಾಪಾರಿ, ಬನಹಟ್ಟಿಯ ನೇಕಾರ, ಬನಹಟ್ಟಿಯ ವ್ಯಾಪಾರಿ. ಈಗ ‘ರಬಕವಿ ಅಥವಾ ಬನಹಟ್ಟಿ ಮತ್ತು ನೇಕಾರ’ ಎಂದು ಕೇಳಿದರೆ ಎಷ್ಟು ಸಾಲುಗಳು ಬರಬೇಕು? ‘ಮತ್ತು’ ಎಂಬುದನ್ನು ಮೊದಲು ಕೂಡಿಸಿದರೆ ರಬಕವಿಯ ಇಬ್ಬರೂ ಬನಹಟ್ಟಿಯ ನೇಕಾರನೂ ಸೇರಿ 3. ‘ಅಥವಾ’ ಎಂಬುದನ್ನು ಮೊದಲು ಕೂಡಿಸಿದರೆ ಎರಡೂ ಊರಿನ ನೇಕಾರರು ಮಾತ್ರ, ಅಂದರೆ 2. ಪದಗಳು ಅವೇ, ಅನ್ವಯವು ಬೇರೆಯಾದೊಡನೆ ಒಬ್ಬ ವ್ಯಾಪಾರಿಯು ಒಳಗೆ ಬರುತ್ತಾನೆ, ಇಲ್ಲವೆ ಹೊರಗುಳಿಯುತ್ತಾನೆ. ಆ ವ್ಯಾಪಾರಿಯ ಸ್ಥಾನದಲ್ಲಿ ಕಳ್ಳನನ್ನು ಭಾವಿಸಿದರೆ ಪ್ರಶ್ನೆಯ ಗೌರವವು ತಿಳಿಯುವದು.

ನಾವು ‘ಮತ್ತು’ ಮೊದಲೆಂದು ಹೇಳಿದ್ದಕ್ಕೆ ಆಧಾರವಿಲ್ಲದಿರಲಿಲ್ಲ. ಆಂಗ್ಲ ಗಣಿತಜ್ಞ ಜಾರ್ಜ್ ಬೂಲ್ ಎಂಬಾತನು 1847 ಮತ್ತು 1854ರ ತನ್ನ ಗ್ರಂಥಗಳಲ್ಲಿ ತರ್ಕವನ್ನು ಬೀಜಗಣಿತದ ಮಾದರಿಗೆ ತಂದನು. ಅವನ ಪದ್ಧತಿಯಲ್ಲಿ ‘ಮತ್ತು’ ಗುಣಾಕಾರದಂತೆ, ‘ಅಥವಾ’ ಸಂಕಲನದಂತೆ. ಗುಣಾಕಾರವನ್ನು ಮೊದಲು ಮಾಡಬೇಕೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. 1957ರಲ್ಲಿ ಜಾನ್ ಬ್ಯಾಕಸ್ ಮತ್ತು ಆತನ ಸಂಗಡಿಗರು ಫೋರ್ಟ್ರಾನ್ ಭಾಷೆಯನ್ನು ರಚಿಸಿ ಗಣಿತಸೂತ್ರಗಳನ್ನು ಯಂತ್ರವೇ ಅನ್ವಯಿಸಿಕೊಳ್ಳುವಂತೆ ಮಾಡಿದರು. 1961ರಲ್ಲಿ ಹಾಲಂಡಿನ ಡೈಕ್‌ಸ್ಟ್ರಾ ಎಂಬಾತನು ರೈಲುಡಬ್ಬಿಗಳ ಶಂಟಿಂಗನ್ನು ಹೋಲುವ ಒಂದು ಉಪಾಯವನ್ನು ವರ್ಣಿಸಿದನು. ಹುಬ್ಬಳ್ಳಿಯ ನಿಲ್ದಾಣದಲ್ಲಿ ಡಬ್ಬಿಗಳನ್ನು ಪಕ್ಕದ ಹಳಿಗೆ ಸರಿಸಿ ನಿಲ್ಲಿಸುವದನ್ನು ನೋಡಿದವರಿಗೆ ಇದು ಸುಲಭವಾಗಿದೆ: ಅಂಕೆಗಳು ನೆಟ್ಟಗೆ ಮುಂದೆ ಹೋಗುತ್ತವೆ, ಕೂಡಿಸು, ಗುಣಿಸು ಎಂಬ ಚಿಹ್ನೆಗಳು ಪಕ್ಕದ ಹಳಿಯಲ್ಲಿ ನಿಂತು, ತಮಗಿಂತ ಪ್ರಬಲವಾದದ್ದು ಹೊರಡುವವರೆಗೆ ಕಾಯುತ್ತವೆ.

ಆದರೆ ಪ್ರಬಲವಾದದ್ದು ಯಾವದೆಂಬುದನ್ನು ಯಾರು ಹೇಳಬೇಕು? ಒಂದು ವಾರದ ತರುವಾಯ ವಿದ್ಯಾರ್ಥಿನಿಯ ದೂರವಾಣಿ ಬಂದಿತು. “ಗುರುಗಳೇ, ಅಭ್ಯಾಸದ ಪರೀಕ್ಷಾದಾಗ ನೀವು ಹೇಳಿದ್ದು ತಪ್ಪಾತ್ರಿ. ಇಲ್ಲಿ ‘ಆರ್’ ಮೊದಲ ಕೂಡತೈತ್ರಿ.” ಸ್ಪ್ಲಂಕಿನ ಸರ್ಚ್ ಎಂಬ ಆಜ್ಞೆಯಲ್ಲಿ ಮೊದಲು ಆವರಣ, ಆಮೇಲೆ ‘ನಾಟ್’, ಆಮೇಲೆ ‘ಆರ್’, ಕೊನೆಗೆ ‘ಆ್ಯಂಡ್’. ಅದೇ ಸಾಧನದ ವ್ಹೇರ್ ಎಂಬ ಆಜ್ಞೆಯಲ್ಲಿಯಾದರೋ ‘ಆ್ಯಂಡ್’ ಮೊದಲು, ‘ಆರ್’ ಅನಂತರ! ಈ ಆಜ್ಞೆಗಳ ನಡುವೆ ನಮ್ಮ ಪೂರ್ಣವಿರಾಮದ ದಂಡದಂಥ ಒಂದು ನೆಟ್ಟಗೆರೆ ನಿಲ್ಲುವದು. ಎಡಗಡೆಯ ಆಜ್ಞೆಯ ಫಲವು ಅದರ ಮೂಲಕ ಬಲಗಡೆಯ ಆಜ್ಞೆಗೆ ಕಾಲುವೆಯ ನೀರಿನಂತೆ ಹರಿಯುವದು. 1973ರಲ್ಲಿ ಯುನಿಕ್ಸ್ ವ್ಯವಸ್ಥೆಯಲ್ಲಿ ಮ್ಯಾಕಿಲ್‌ರಾಯ್ ಎಂಬವರ ಸೂಚನೆಯಂತೆ ಕೆನ್ ಥಾಂಪ್ಸನ್ನರು ಬಳಕೆಗೆ ತಂದ ಪದ್ಧತಿಯಿದು. ಹೀಗೆ ಒಂದೇ ವಾಕ್ಯದಲ್ಲಿ ಗೆರೆಯ ಈಚೆ ಒಂದು ನ್ಯಾಯ, ಆಚೆ ಇನ್ನೊಂದು ನ್ಯಾಯ ನಡೆಯಬಹುದಾಗಿದೆ.

ಈ ವಿಷಯದಲ್ಲಿ ನಮ್ಮ ಪೂರ್ವಿಕರು ಎಚ್ಚರವುಳ್ಳವರಾಗಿದ್ದರು. ಜೈಮಿನಿಯು ಮೀಮಾಂಸಾಸೂತ್ರಗಳ ಮೂರನೆಯ ಅಧ್ಯಾಯದಲ್ಲಿ ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯೆ ಎಂಬ ಆರು ಪ್ರಮಾಣಗಳನ್ನು ಹೇಳಿ, ವಿರೋಧ ಬಂದಾಗ ಹಿಂದಿನದಕ್ಕಿಂತ ಮುಂದಿನದು ದುರ್ಬಲವೆಂದು ಕ್ರಮವನ್ನು ಕಟ್ಟಿದನು. ಇಂದ್ರನನ್ನು ಹೆಸರಿಸುವ ಒಂದು ಋಕ್ಕಿನಿಂದ ಗಾರ್ಹಪತ್ಯಾಗ್ನಿಯನ್ನು ಉಪಾಸಿಸಬೇಕೆಂದು ವಿಧಿಯಿರುವಲ್ಲಿ, ಋಕ್ಕಿನ ಶಬ್ದಸಾಮರ್ಥ್ಯವು ಇಂದ್ರನ ಕಡೆಗೆ ಎಳೆಯುವದು. ಸಾಕ್ಷಾತ್ ವಿಧಿಯು ಅಗ್ನಿಯ ಕಡೆಗೆ ಎಳೆಯುವದು. ಶ್ರುತಿಯು ಲಿಂಗಕ್ಕಿಂತ ಪ್ರಬಲವಾದುದರಿಂದ ಅಗ್ನಿಯೇ ನಿಲ್ಲುವನು. ಪಾಣಿನಿಯೂ ಸುಮಾರು 4000 ಸೂತ್ರಗಳಲ್ಲಿ ಸಮಬಲದ ಎರಡು ವಿಧಿಗಳು ಎದುರಾದರೆ ‘ಪರ’ವಾದದ್ದು ನಡೆಯಬೇಕೆಂದನು. ‘ಪರ’ ಎಂದರೆ ಸೂತ್ರಪಾಠದಲ್ಲಿ ಮುಂದೆ ಬರುವದು ಎಂದು ಪರಂಪರೆಯ ವ್ಯಾಖ್ಯಾನ. ಪದದಲ್ಲಿ ಬಲಗಡೆಗಿರುವ ಭಾಗಕ್ಕೆ ಅನ್ವಯಿಸುವ ವಿಧಿ ಎಂಬ ಬೇರೆ ಅರ್ಥವನ್ನು ಕೇಂಬ್ರಿಜ್ ವಿಶ್ವವಿದ್ಯಾಲಯದ ಪ್ರಬಂಧವೊಂದರಲ್ಲಿ ಋಷಿ ರಾಜಪೋಪಟ್ ಎಂಬ ಯುವಕರು ಪ್ರತಿಪಾದಿಸಿದರು. 2022ರ ಡಿಸೆಂಬರದಲ್ಲಿ ಅದು ಪ್ರಸಿದ್ಧಿಗೆ ಬಂದಿತು. ಎಲ್ಲ ಪಂಡಿತರೂ ಇದನ್ನೊಪ್ಪಿಲ್ಲ. ಕ್ರಮವನ್ನು ಹೇಳುವ ಸೂತ್ರದ ಅನ್ವಯವೇ ಎರಡು ಸಾವಿರ ವರ್ಷಗಳ ಮೇಲೂ ವಾದಕ್ಕೆ ಒಳಗಾಗಿರುವದು ವಿಚಾರಾರ್ಹವಾಗಿದೆ.

ಇಷ್ಟರಿಂದ ಗಣಕಶಾಸ್ತ್ರವೆಲ್ಲ ನಮ್ಮದೆಂದು ಹೆಮ್ಮೆಪಡುವದು ಸಲ್ಲದು. 1967ರಲ್ಲಿ ಇಂಗರ್‌ಮನ್ ಎಂಬ ವಿದ್ವಾಂಸರು, ಬ್ಯಾಕಸರ ವ್ಯಾಕರಣಪದ್ಧತಿಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು ಸೂಚಿಸಿದ್ದು ನಿಜ. 1985ರಲ್ಲಿ ರಿಕ್ ಬ್ರಿಗ್ಸ್ ಎಂಬವರು, ನಮ್ಮ ಶಾಸ್ತ್ರಕಾರರು ವಾಕ್ಯಾರ್ಥವನ್ನು ಬಿಡಿಸುವ ರೀತಿಗೂ ಯಂತ್ರದಲ್ಲಿ ಜ್ಞಾನವನ್ನಿರಿಸುವ ರೀತಿಗೂ ಸಾಮ್ಯವಿದೆಯೆಂದು ಬರೆದದ್ದೂ ನಿಜ. ಆದರೆ ಗಣಕಯಂತ್ರಗಳು ಸಂಸ್ಕೃತದಿಂದಲೇ ನಡೆಯುತ್ತವೆಂಬ ವದಂತಿಗೆ ಇವೆರಡರಲ್ಲಿಯೂ ಆಧಾರವಿಲ್ಲ.

ಈ ತಪ್ಪು ನಮಗೆ ಹೊಸತಾಗಿರಲಿಲ್ಲವೆಂಬುದನ್ನು ಸಂಕೋಚದಿಂದ ಹೇಳಬೇಕಾಗಿದೆ. ನಾವು ಉದ್ಯೋಗಕ್ಕೆ ಸೇರಿದ ಹೊಸದರಲ್ಲಿ ಸಹಾಯಧನದ ಪ್ರಕಟಣೆಯೊಂದನ್ನು ಓದಿ ಹೇಳೆಂದು ಒಬ್ಬ ವಿಧವೆಯು ಶಾಲೆಯ ಬಾಗಿಲಿಗೆ ಬಂದಳು. ‘ವಿಧವೆಯರು ಅಥವಾ ವೃದ್ಧರು ಮತ್ತು ಭೂಹೀನರು’ ಎಂದಿತ್ತು. ಭೂಹೀನತೆಯು ಇಬ್ಬರಿಗೂ ಅನ್ವಯಿಸುವದೆಂದು ನಾವು ಓದಿದೆವು. ಆಕೆಗೆ ಅರ್ಧ ಎಕರೆ ಒಣಭೂಮಿಯಿತ್ತು. “ನಿನಗೆ ಬರುವದಿಲ್ಲವ್ವಾ” ಎಂದೆವು, ಮರುಮಾತಾಡದೆ ಹೊರಟುಹೋದಳು. ಭೂಹೀನತೆಯು ವೃದ್ಧರಿಗೆ ಮಾತ್ರವೆಂದು ಅವಧಿ ಮುಗಿದ ಮೇಲೆ ತಿಳಿಯಿತು. ಅಂದು ‘ಅಥವಾ’ ಮೊದಲೆಂದು ತಪ್ಪಿದೆವು. ಈಚೆಗೆ ‘ಮತ್ತು’ ಮೊದಲೆಂದು ತಪ್ಪಿದೆವು. ಎರಡು ಸಲವೂ ನಮ್ಮ ಧ್ವನಿಯಲ್ಲಿ ಸಂದೇಹದ ಎಳೆಯೂ ಇರಲಿಲ್ಲ.

ಅಸ್ತು. ಅನ್ವಯಕ್ರಮವು ಪ್ರಕೃತಿಸಿದ್ಧವಲ್ಲ, ಸಂಕೇತಸಿದ್ಧವಾದದ್ದು. ಓದುವವನು ಬರೆದವನ ಸಂಕೇತವನ್ನು ಮೊದಲು ಕೇಳಿ ತಿಳಿಯತಕ್ಕದ್ದು; ಬರೆಯುವವನು ಎರಡು ಆವರಣಗಳ ಶ್ರಮಕ್ಕೆ ಹಿಂಜರಿಯಕೂಡದು. ವಿದ್ಯಾರ್ಥಿನಿಯು ಈಗ ಪ್ರತಿಯೊಂದು ಶೋಧವಾಕ್ಯದಲ್ಲಿಯೂ ಆವರಣಗಳನ್ನು ಹಾಕಿಯೇ ಬರೆಯುತ್ತಾಳಂತೆ. ಆ ಹಳೆಯ ಪ್ರಕಟಣೆಯಲ್ಲಿ ಅವುಗಳನ್ನು ಹಾಕುವವರು ಯಾರೂ ಇರಲಿಲ್ಲ.